ಎರಡನೇ ಮಂಗಳವಾರ, ನಾಲ್ಕನೇ ಮಂಗಳವಾರ

11 ಮಾರ್ಚ್ 2025, ಮಂಗಳವಾರ

ಪ್ರೊಬೇಷನ್ ಅಧಿಕಾರಿ ಪ್ರೇಮಕುಮಾರಿ ಮೇಡಂ ಇವತ್ತು ನನಗೆ ದಿನಚರಿ ಬರೆಯಲು ಹೇಳಿದರು. ಮನಸ್ಸು ಹತೋಟಿಗೆ ಬರುತ್ತದಂತೆ. ಆದ್ದರಿಂದ ಮೊದಲೇ ಸ್ಪಷ್ಟಪಡಿಸುತ್ತೇನೆ: ಇದು ದಿನಚರಿಯಲ್ಲ. ಇದು ವ್ಯವಸ್ಥೆಯ ವಿರುದ್ಧ ನಾನು ಸಿದ್ಧಪಡಿಸುತ್ತಿರುವ ದಾಖಲೆ. ದಿನಾಂಕ ಹಾಕಿರುವುದು ಚರಿತ್ರೆಯ ಅನುಕೂಲಕ್ಕೆ ಮಾತ್ರ.

ನನ್ನ ಅಪರಾಧವನ್ನೂ ಚರಿತ್ರೆಗಾಗಿ ಬರೆದಿಡುತ್ತೇನೆ. ಜನವರಿಯಲ್ಲಿ ಹೊಸಕಾಡು ಎಸ್ಟೇಟಿನ ಕಣಕ್ಕೆ ನುಗ್ಗಿ, ಕುಯಿಲಿನವರ ಕಾಫಿ ಹಣ್ಣು ತೂಗುವ ಮಷಿನ್ನನ್ನು ಪಿಕಾಸಿಯಿಂದ ಒಡೆದೆ. ಅದು ಚೀಲಕ್ಕೆ ಎರಡು ಕಿಲೋ ಕಡಿಮೆ ತೋರಿಸುತ್ತಿತ್ತು. ಮೂಡಿಗೆರೆ ಕೋರ್ಟಿನಲ್ಲಿ ತಪ್ಪನ್ನು ಹೆಮ್ಮೆಯಿಂದ ಒಪ್ಪಿಕೊಂಡೆ. ಹದಿನಾಲ್ಕು ಪುಟದ ಹೇಳಿಕೆ ಬರೆದುಕೊಂಡು ಹೋಗಿದ್ದೆ. ನ್ಯಾಯಾಧೀಶರು ಅರ್ಧ ಪುಟ ಕೇಳಿ, ಉಳಿದದ್ದನ್ನು ಗುಮಾಸ್ತರ ಹತ್ತಿರ ಕೊಡಿ ಎಂದರು. ಜೈಲು ಕೊಡಲಿಲ್ಲ. ಇಪ್ಪತ್ತೆರಡು ವರ್ಷ, ಮೊದಲ ತಪ್ಪು, ಒಳ್ಳೆಯ ಮನೆತನ ಎಂದು ಒಂದು ವರ್ಷದ ಪ್ರೊಬೇಷನ್ ಕೊಟ್ಟರು. ಒಳ್ಳೆಯ ಮನೆತನ ಎಂದರೆ ನಮ್ಮಪ್ಪ ರೇಣುಕಪ್ರಸಾದ್, ಮೂಡಿಗೆರೆ ಪೇಟೆಯಲ್ಲಿ ಅವರ ಗೊಬ್ಬರದ ಅಂಗಡಿ, ಮತ್ತು ಹನ್ನೆರಡು ಎಕರೆ ಕಾಫಿ.

ಷರತ್ತುಗಳು ಮೂರು. ತಿಂಗಳ ಎರಡನೇ ಮತ್ತು ನಾಲ್ಕನೇ ಮಂಗಳವಾರ ಹನ್ನೊಂದರೊಳಗೆ ಚಿಕ್ಕಮಗಳೂರಿನ ಕಚೇರಿಗೆ ಬಂದು ಸಹಿ ಹಾಕಬೇಕು. ಹೇಳದೆ ಮನೆ ಬದಲಿಸಬಾರದು. ಕರೆದಾಗ ಬರಬೇಕು. ತಪ್ಪಿದರೆ ಮುಚ್ಚಳಿಕೆ ರದ್ದಾಗಿ ಜೈಲು.

ನನ್ನ ದಿನವೇ, ನನ್ನ ಕೋರ್ಟಿನಲ್ಲೇ ಅದೇ ಶಿಕ್ಷೆ ಪಡೆದವರು ದ್ಯಾವಮ್ಮ. ನಲವತ್ತೆಂಟು ವರ್ಷ, ಅದೇ ಹೊಸಕಾಡು ಎಸ್ಟೇಟಿನ ಕೂಲಿಯವರ ಲೈನ್ ಮನೆಯವರು. ಬುತ್ತಿ ಚೀಲದಲ್ಲಿ ಒಂದೂವರೆ ಕಿಲೋ ಕಾಳುಮೆಣಸು ಒಯ್ಯುವಾಗ ಗೇಟಿನಲ್ಲಿ ಸಿಕ್ಕಿಬಿದ್ದರು. ಅವರಿಗೂ ಒಂದು ವರ್ಷ, ಅವೇ ಮೂರು ಷರತ್ತು. ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಕಾನೂನು ಈ ಒಂದು ವಿಷಯದಲ್ಲಿ ಸಮಾನತೆ ಪಾಲಿಸಿದೆ ಎಂದು ನಾನೂ ಒಪ್ಪಬೇಕಾಯಿತು.

ಇವತ್ತು ಕಚೇರಿಯ ಬೆಂಚಿನಲ್ಲಿ ಶೋಷಿತ ವರ್ಗದ ಈ ಪ್ರತಿನಿಧಿಯ ಪಕ್ಕ ಕುಳಿತು, ನನ್ನನ್ನು ಅಮ್ಮಾವ್ರೇ ಎನ್ನಬೇಡಿ, ಸಂಗಾತಿ ಎನ್ನಿ ಎಂದೆ.

"ಆಗ್ಲಿ ಸಂಗಾತಿ ಅಮ್ಮಾವ್ರೇ" ಎಂದರು.

ಆಮೇಲೆ ಒಂದು ವಿಷಯ ಹೇಳಿದರು. ನಾನು ಒಡೆದದ್ದು ಹಳೇ ಮಷಿನ್ನಂತೆ. ಅದು ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಕಳಿಸಲು ಹೊರಗಿಟ್ಟಿದ್ದರಂತೆ. ಹೊಸದು ಒಳಗಿತ್ತು. ಪೊಲೀಸರು ಬಂದು ಹೋಗುವವರೆಗೆ ಮೂರು ದಿನ ತೂಕವೇ ಇಲ್ಲದೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಎಲ್ಲರ ಚೀಲವನ್ನೂ ಕಣ್ಣಂದಾಜಿನಲ್ಲಿ ಬರೆದುಕೊಂಡರಂತೆ.

ಇದು ಮಾಲೀಕರು ಹಬ್ಬಿಸಿದ ಸುಳ್ಳು ಇರಬಹುದು. ಪರಿಶೀಲಿಸಬೇಕು.

25 ಮಾರ್ಚ್, ಮಂಗಳವಾರ

ಇವತ್ತು ಪ್ರತಿರೋಧ ಆರಂಭ. ಹನ್ನೊಂದರೊಳಗೆ ಎಂದಿದ್ದಾರಲ್ಲ, ಬೇಕೆಂದೇ ಹನ್ನೆರಡಕ್ಕೆ ಹೋದೆ. ಒಂದು ಗಂಟೆ ಹೊರಗೆ ಎಳನೀರು ಗಾಡಿಯ ಹತ್ತಿರ ಕಾದು, ಗಡಿಯಾರ ನೋಡಿಕೊಂಡು ಒಳಗೆ ಹೋದೆ.

ಪ್ರೇಮಕುಮಾರಿ ಮೇಡಂ ಕುರ್ಚಿ ತೋರಿಸಿ, ಈಗ ತಲೆನೋವು ಹೇಗಿದೆ ಎಂದು ಕೇಳಿದರು. ಅಪ್ಪ ಬೆಳಿಗ್ಗೆಯೇ ಫೋನ್ ಮಾಡಿದ್ದರಂತೆ. ನನ್ನ ಹೆಸರಿನ ಮುಂದೆ "ಅನಾರೋಗ್ಯ, ಆದರೂ ಹಾಜರು" ಎಂದು ಬರೆದರು.

ದ್ಯಾವಮ್ಮ ಬಂದದ್ದು ಹನ್ನೊಂದು ಇಪ್ಪತ್ತಕ್ಕೆ. ಆದರೂ ಅವರನ್ನು ಕರೆದದ್ದು ನನ್ನ ನಂತರ. ಲೈನ್ ಮನೆಯಿಂದ ರಸ್ತೆಗೆ ನಾಲ್ಕು ಮೈಲಿ ನಡೆಯಬೇಕು. ಅಲ್ಲಿಂದ ಜುಬೇರಣ್ಣನ ಜೀಪು. ಅದು ಹನ್ನೆರಡು ಜನ ಆಗದೆ ಹೊರಡುವುದಿಲ್ಲ. ಇವತ್ತು ಹನ್ನೊಂದು ಜನ ಮತ್ತು ಒಂದು ಮೇಕೆ ಇತ್ತಂತೆ. ಮೇಕೆಯನ್ನು ಒಂದು ಜನ ಎಂದು ಎಣಿಸಬೇಕೋ ಅರ್ಧ ಎಂದೋ ಎಂಬ ಚರ್ಚೆಯಲ್ಲಿ ಮೂಡಿಗೆರೆಯ ಬಸ್ಸು ತಪ್ಪಿತು.

ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ತಡ" ಎಂದು ಬಿತ್ತು. ನಾನು ಎದ್ದು ನಿಂತು ಪ್ರತಿಭಟಿಸಿದೆ. ತಡ ಆಗುವುದಾದರೆ ಫೋನ್ ಮಾಡಬೇಕಿತ್ತು ಎಂದರು ಮೇಡಂ. ಲೈನ್ ಮನೆಯಲ್ಲಿ ಸಿಗ್ನಲ್ ಇಲ್ಲ, ನೀರಿನ ಟ್ಯಾಂಕ್ ಮೇಲೆ ಹತ್ತಿದರೆ ಒಂದು ಕಡ್ಡಿ ಬರುತ್ತದೆ ಎಂದು ದ್ಯಾವಮ್ಮ ವಿವರಿಸಿದರು. ಟ್ಯಾಂಕ್ ಹತ್ತುವುದನ್ನು ರೈಟರು ನೋಡಿದರೆ ಅದೂ ಒಂದು ಕೇಸಾಗುತ್ತದೆ ಎಂದೂ ಸೇರಿಸಿದರು.

ಮೇಡಂ ನಕ್ಕರು. ಕೆಂಪು ಶಾಯಿ ಹಾಗೆಯೇ ಉಳಿಯಿತು.

8 ಏಪ್ರಿಲ್, ಮಂಗಳವಾರ

ಮೇಡಂಗೆ ನಾಲ್ಕು ಪುಟದ ಪತ್ರ ಕೊಟ್ಟೆ. ಶೀರ್ಷಿಕೆ: "ನಾನು ಸುಧಾರಿಸಲು ನಿರಾಕರಿಸುತ್ತೇನೆ." ಅವರು ಎರಡು ಕಡೆ ಕಾಗುಣಿತ ತಿದ್ದಿ ಫೈಲಿಗೆ ಹಾಕಿದರು. ತಲೆಕೆಳಗಾಗಿ ಕಂಡ ಟಿಪ್ಪಣಿಯನ್ನು ಓದಿಕೊಂಡೆ: "ಬರವಣಿಗೆಯಲ್ಲಿ ಆಸಕ್ತಿ ಬೆಳೆಸಿಕೊಂಡಿದ್ದಾರೆ. ಪ್ರಗತಿ ತೃಪ್ತಿಕರ."

ಈ ವ್ಯವಸ್ಥೆಯನ್ನು ಕೆಣಕುವುದು ಹೇಗೆ ಎಂದು ನಾನೇ ಬರೆದ ಮೂವತ್ತೊಂದು ಕರಪತ್ರಗಳಲ್ಲಿ ಒಂದರಲ್ಲೂ ಇಲ್ಲ.

23 ಏಪ್ರಿಲ್, ಬುಧವಾರ

ನಿನ್ನೆ ದ್ಯಾವಮ್ಮ ಸಹಿಗೆ ಬರಲಿಲ್ಲ. ನನಗೆ ಒಳಗೊಳಗೆ ಸಂತೋಷವಾಯಿತು. ಕೊನೆಗೂ ಜಾಗೃತಿ ಮೂಡಿದೆ ಎಂದುಕೊಂಡೆ.

ಅಭಿನಂದಿಸಲು ಸ್ಕೂಟರಿನಲ್ಲಿ ಹೊಸಕಾಡಿಗೆ ಹೋದರೆ ಲೈನ್ ಮನೆಯ ಬಾಗಿಲಿಗೆ ಎಸ್ಟೇಟಿನ ಬೀಗ. ರೈಟರ್ ಭೂತಯ್ಯ ನನ್ನನ್ನು ಕಂಡ ಕೂಡಲೇ ಹೊಸ ಮಷಿನ್ನಿಗೆ ಅಡ್ಡ ನಿಂತು ಮಾತಾಡಿದರು. ಕೇಸಾದ ಮೇಲೆ ದ್ಯಾವಮ್ಮನನ್ನು ಕೆಲಸದಿಂದ ತೆಗೆದಿದ್ದಾರೆ. ಕೆಲಸ ಇದ್ದವರಿಗೆ ಮಾತ್ರ ಲೈನ್ ಮನೆ, ಅದು ಮೊದಲಿನಿಂದ ನಡೆದುಬಂದ ಕ್ರಮ. ಹದಿನೈದನೇ ತಾರೀಕು ಖಾಲಿ ಮಾಡಿಸಿದರು. ಕಳಸದ ಹತ್ತಿರ ತಂಗಿಯ ಮನೆಗೆ ಹೋಗಿದ್ದಾರೆ.

ಹೇಳದೆ ಮನೆ ಬದಲಿಸಬಾರದು ಎಂಬ ಷರತ್ತನ್ನು ದ್ಯಾವಮ್ಮ ಮುರಿದಿದ್ದಾರೆ. ಆದರೆ ಮನೆ ಬದಲಿಸಿದ್ದು ಅವರಲ್ಲ, ಎಸ್ಟೇಟು. ಇದರ ಬಗ್ಗೆ ಒಂದು ಕರಪತ್ರವನ್ನೇ ಬರೆಯಬೇಕು.

30 ಏಪ್ರಿಲ್, ಬುಧವಾರ

ಕಳಸಕ್ಕೆ ಹೋಗಿದ್ದೆ. ತಂಗಿ ಬಸಮ್ಮನ ಮನೆಯ ಹತ್ತಿರದ ತೋಟದಲ್ಲಿ ದ್ಯಾವಮ್ಮ ಕೊನೆಯ ಮೆಣಸು ಕುಯ್ಯುತ್ತಿದ್ದರು. ಅವರು ಏಣಿಯ ಮೇಲೆ, ನಾನು ಕೆಳಗೆ. ಹೀಗಾಗಿ ನನ್ನ ಭಾಷಣವನ್ನೆಲ್ಲ ತಲೆ ಎತ್ತಿ ಮಾಡಬೇಕಾಯಿತು.

ಕಳಸದಿಂದ ಬೆಳಗಿನ ಮೊದಲ ಬಸ್ಸು ಹಿಡಿದರೂ ಹನ್ನೊಂದರೊಳಗೆ ಚಿಕ್ಕಮಗಳೂರಿನ ಕಚೇರಿ ಮುಟ್ಟಲು ಆಗುವುದಿಲ್ಲವಂತೆ. ಹಿಂದಿನ ದಿನವೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಮಲಗಬೇಕು. ಹಾಗಾದರೆ ಸಹಿಯನ್ನೇ ಬಹಿಷ್ಕರಿಸೋಣ ಎಂದೆ. ಸಹಿ ಬಹಿಷ್ಕಾರ ಚಳವಳಿ, ಸದ್ಯಕ್ಕೆ ಸದಸ್ಯರು ಇಬ್ಬರು. ದ್ಯಾವಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಏಣಿ ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿದರು.

ಒಂಬತ್ತನೇ ಕರಪತ್ರವನ್ನು ಓದಿ ಹೇಳಿ ಅವರಿಗೇ ಕೊಟ್ಟು ಬಂದೆ. "ನಿಮಗೆ ಓದಲಾಗದ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ತಂದವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿ." ಇದು ಅವರಿಗೆ ಬಹಳ ಹಿಡಿಸಿತು. ಇದುವರೆಗೆ ಯಾರೂ ಅವರಿಗೆ ಕಾಗದ ವಾಪಸ್ ಕಳಿಸಬಹುದು ಎಂದು ಹೇಳಿರಲಿಲ್ಲವಂತೆ. ಮಡಚಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡರು.

ನನ್ನ ಜೀವನದ ಸಾರ್ಥಕ ದಿನ.

13 ಮೇ, ಮಂಗಳವಾರ

ಬಹಿಷ್ಕಾರ. ಮನೆಯಲ್ಲೇ ಕುಳಿತಿದ್ದೆ. ಮಧ್ಯಾಹ್ನ ಹಲಸಿನ ಹಣ್ಣು ತಿಂದೆ.

27 ಮೇ, ಮಂಗಳವಾರ

ಬಹಿಷ್ಕಾರ. ಮಳೆ ಹಿಡಿದಿದೆ. ಹಲಸಿನ ಹಣ್ಣು ಮುಗಿದಿದೆ.

17 ಜೂನ್, ಮಂಗಳವಾರ

ಗೆಲುವು. ಕೊನೆಗೂ ವ್ಯವಸ್ಥೆ ನನ್ನನ್ನು ಗಂಭೀರವಾಗಿ ತೆಗೆದುಕೊಂಡಿದೆ. ಕೋರ್ಟಿನ ನೋಟಿಸ್ ಹಿಡಿದು ಪೇದೆ ಮನೆಗೆ ಬಂದರು. ಮೇನಲ್ಲಿ ಎರಡು, ಈ ತಿಂಗಳು ಒಂದು, ಒಟ್ಟು ಮೂರು ಸಹಿ ತಪ್ಪಿಸಿದ್ದಕ್ಕೆ ಜುಲೈ ಎಂಟಕ್ಕೆ ಹಾಜರಾಗಬೇಕು.

ಬಾಗಿಲಲ್ಲಿ ನಿಂತು, ಇದನ್ನು ನಾನು ಸ್ವೀಕರಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಒಂಬತ್ತನೇ ಕರಪತ್ರದ ಪ್ರಕಾರ ಅವರು ಈಗ ಹಿಂದಕ್ಕೆ ಹೋಗಬೇಕಿತ್ತು. ಆದರೆ ಅಪ್ಪ ಒಳಗಿನಿಂದ ಬಂದು, ಮಳೆಯಲ್ಲಿ ನೆನೆದಿದ್ದೀರಿ, ಕೂತ್ಕೊಳ್ಳಿ ಎಂದರು. ಕಾಫಿ ಬಂತು, ಕೋಡುಬಳೆ ಬಂತು. ಅಡಿಕೆಗೆ ಯಾವ ಗೊಬ್ಬರ ಒಳ್ಳೆಯದು ಎಂದು ಮಾತಾಯಿತು. ಹೋಗುವಾಗ ಅಪ್ಪ ಸಹಿ ಮಾಡಿ ನೋಟಿಸ್ ಇಸಿದುಕೊಂಡರು.

"ಮಗಳು ಸ್ವಲ್ಪ ಬಿಸಿ ಅಷ್ಟೆ" ಎಂದರು.

"ನಮ್ಮನೇಲೂ ಒಂದಿದೆ ಸಾರ್" ಎಂದು ಪೇದೆ ಕೋಡುಬಳೆಯನ್ನು ಹಾಡಿ ಹೊಗಳಿ ಹೋದರು.

20 ಜೂನ್, ಶುಕ್ರವಾರ

ಜುಬೇರಣ್ಣ ಅಂಗಡಿಗೆ ಬಂದು ಸುದ್ದಿ ಹೇಳಿದ. ಮಳೆಗಾಲದಲ್ಲಿ ಅವನ ಜೀಪು ಕಳಸದವರೆಗೂ ಹೋಗುತ್ತದೆ. ದ್ಯಾವಮ್ಮನಿಗೂ ಅದೇ ನೋಟಿಸ್ ಹೋಗಿದೆ. ಲೈನ್ ಮನೆಗೆ ಹೋದ ಪೇದೆಗೆ ರೈಟರು ಕಳಸದ ದಾರಿ ತೋರಿಸಿದ್ದಾರೆ. ಅವರು ಎಲೆ ಅಡಿಕೆ ಚೀಲದಿಂದ ಕರಪತ್ರ ತೆಗೆದು ತೋರಿಸಿ, ನನಗೆ ಓದಲು ಬರುವುದಿಲ್ಲ, ಒತ್ತುವುದಿಲ್ಲ ಎಂದಿದ್ದಾರೆ. ಅಂಗಳದ ಮಳೆಯಲ್ಲಿ ನಿಂತಿದ್ದ ಪೇದೆ "ನೋಟಿಸ್ ಪಡೆಯಲು ನಿರಾಕರಿಸಿದ್ದಾರೆ" ಎಂದು ಬರೆದುಕೊಂಡು ಹೋಗಿದ್ದಾರೆ.

ದ್ಯಾವಮ್ಮನ ಮೇಲೆ ವಾರಂಟ್ ಆಗಿದೆ, ತಾವಾಗಿ ಕೋರ್ಟಿಗೆ ಬರದಿದ್ದರೆ ಹಿಡಿದು ತರುತ್ತಾರೆ. ಎಂಟನೇ ತಾರೀಕು ಮುಚ್ಚಳಿಕೆ ರದ್ದಾದರೆ ಅಲ್ಲಿಂದಲೇ ಜೈಲು.

"ಅವ್ರು ಅದನ್ನ ಓದ್ಸಿ ಓದ್ಸಿ ಕೇಳ್ತಿದ್ರಕ್ಕ. ನಾನೇ ಎರಡು ಸಲ ಓದಿದೀನಿ" ಎಂದ ಜುಬೇರಣ್ಣ.

21 ಜೂನ್

ಏನೂ ಬರೆಯುವಂತಿಲ್ಲ.

22 ಜೂನ್, ಭಾನುವಾರ

ಒಂಬತ್ತನೇ ಕರಪತ್ರದ ಇನ್ನೊಂದು ಪ್ರತಿ ನನ್ನ ಹತ್ತಿರ ಇತ್ತು. ಮತ್ತೆ ಓದಿದೆ. ಕಾಗದ ತಂದವನನ್ನು ಕೂರಿಸಿ ಕಾಫಿ ಕೊಡುವ ಅಪ್ಪ ಇದ್ದರೆ ಮಾತ್ರ ಹೀಗೆ ಮಾಡಿ ಎಂದು ಅದರಲ್ಲಿ ಎಲ್ಲೂ ಇಲ್ಲ.

24 ಜೂನ್, ಮಂಗಳವಾರ

ಹತ್ತಕ್ಕೇ ಕಚೇರಿಗೆ ಹೋದೆ. ದ್ಯಾವಮ್ಮನಿಗಾಗಿ ಏನು ಮಾಡಬಹುದು ಎಂದು ಕೇಳಿದೆ. ಮೇಡಂ ಫೈಲು ತೆಗೆದರು. ಮೂರು ತಾಲ್ಲೂಕಿಗೆ ತಾವೊಬ್ಬರೇ ಎಂದರು. ದ್ಯಾವಮ್ಮ ಎಲ್ಲಿದ್ದಾರೆ, ಯಾಕೆ ಹೋದರು ಎಂದು ಫೈಲಿನಲ್ಲಿ ಒಂದು ಸಾಲೂ ಇಲ್ಲ ಎಂದರು. ಫೈಲಿನಲ್ಲಿ ಇಲ್ಲದ್ದನ್ನು ಕೋರ್ಟಿಗೆ ಹೇಳಲು ಅವರಿಗೂ ಬರುವುದಿಲ್ಲ.

ಒಂದು ಅರ್ಜಿ ಬೇಕು. ನಾನು ಬರೆದುಕೊಡುತ್ತೇನೆ ಎಂದೆ. ಅಲ್ಲೇ ಬೆಂಚಿನಲ್ಲಿ ಕುಳಿತು ಬರೆದು ಕೊಟ್ಟೆ. ಮೇಡಂ ಓದಿ ಮೊದಲ ನಾಲ್ಕು ಪುಟ ವಾಪಸ್ ಕೊಟ್ಟರು.

"ಶತಮಾನಗಳ ಕತೆ ಬೇಡಮ್ಮ. ಎಲ್ಲಿದ್ರು, ಯಾರು ಬಿಡಿಸಿದ್ರು, ಈಗ ಎಲ್ಲಿದಾರೆ, ಬಸ್ಸು ಎಷ್ಟು ಗಂಟೆಗೆ. ಇಷ್ಟೇ ಬರಿ."

ಬಸ್ಸು ಎಷ್ಟು ಗಂಟೆಗೆ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಹಿಂದೆ ತಪ್ಪಿಸಿದ ಸಹಿಗಳ ಬಗ್ಗೆ ನನ್ನನ್ನು ಕೇಳಲೇ ಇಲ್ಲ. ಅಪ್ಪ ಫೋನ್ ಮಾಡಿರಬೇಕು.

28 ಜೂನ್, ಶನಿವಾರ

ಮೂರು ದಿನದಿಂದ ಕಳಸದಲ್ಲಿ ಬಸ್ಸು ಹತ್ತಿ ಇಳಿಯುತ್ತಿದ್ದೇನೆ. ಬೋರ್ಡಿನಲ್ಲಿ 7:10 ಎಂದಿದೆ. ಗುರುವಾರ 7:25ಕ್ಕೆ ಬಂತು. ಶುಕ್ರವಾರ 7:40. ಇವತ್ತು ಬರಲೇ ಇಲ್ಲ, ಮರ ಬಿದ್ದಿತ್ತು. ಗುರುವಾರ ಚಿಕ್ಕಮಗಳೂರು ತಲುಪಿದ್ದು 11:05ಕ್ಕೆ, ಕಚೇರಿಯ ಬಾಗಿಲಿಗೆ 11:20. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಬರೆಸಿಕೊಂಡು ಸೀಲು ಹಾಕಿಸಿದೆ.

ರೈಟರ್ ಭೂತಯ್ಯನವರಿಂದ ಲೈನ್ ಮನೆ ಖಾಲಿ ಮಾಡಿಸಿದ ದಿನಾಂಕ ಬೇಕಿತ್ತು. ಮೊದಲು ಕೊಡುವುದಿಲ್ಲ ಎಂದರು. ಮಷಿನ್ನಿನ ಬಗ್ಗೆ ಕ್ಷಮೆ ಕೇಳಿದೆ. ಹಳೇದೇ ಬಿಡಿ ಎಂದರು. ಮೂರು ದಿನ ಕಣ್ಣಂದಾಜಿನಲ್ಲಿ ಬರೆಯಬೇಕಾಗಿ ಬಂದದ್ದಕ್ಕೂ ಕ್ಷಮೆ ಕೇಳಿದೆ. ಅದನ್ನು ಕೇಳಿದ ಮೇಲೆ ರಿಜಿಸ್ಟರ್ ತೆಗೆದು, ಮನೆ ಖಾಲಿ ಮಾಡಿಸಿದ ದಿನದ ಪುಟದ ನಕಲು ಕೊಟ್ಟರು.

ಸಂಜೆ ಬಸಮ್ಮನ ಮನೆಗೆ ಹೋದೆ. ದ್ಯಾವಮ್ಮ ಒಲೆ ಊದುತ್ತ ಕುಳಿತಿದ್ದರು. ಬಸಮ್ಮನ ಗಂಡ, ಜೈಲಿಗೆ ಹೋಗಿ ಬಂದರೆ ಮತ್ತೆ ಇಲ್ಲಿಗೆ ಬರುವುದು ಬೇಡ ಎಂದಿದ್ದಾನಂತೆ. ಲೈನ್ ಮನೆ ಹೋಗಿದೆ. ಇದೂ ಹೋದರೆ ಮುಂದೆ ನೆಲೆಯಿಲ್ಲ.

ಹೊರಡುವಾಗ ದ್ಯಾವಮ್ಮ ಕೇಳಿದರು.

"ನಿಮ್ಮನೆಗೆ ಬಂದವ್ರೂ ಅದೇ ಪೊಲೀಸ್ನೋರಾ, ಸಂಗಾತಿ ಅಮ್ಮಾವ್ರೇ?"

"ಹೌದು."

"ನೀವೂ ಒತ್ತಲ್ಲ ಅಂದ್ರಾ?"

"ಅಂದೆ."

"ಮತ್ತೆ?"

"ಕಾಫಿ ಕುಡಿದು ಹೋದ್ರು."

ದ್ಯಾವಮ್ಮ ನಕ್ಕರು. ತುಂಬ ಹೊತ್ತು ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಕರಪತ್ರವನ್ನು ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅದಕ್ಕೆ ಸುಣ್ಣ ಹತ್ತಿತ್ತು.

ನಾನೂ ನಗಬೇಕಿತ್ತೋ ಏನೋ. ಆಗಲಿಲ್ಲ. ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತೀರಿ ಎಂದು ಕೇಳಿ, ಅರ್ಜಿಗೆ ಬರೆದುಕೊಂಡೆ.

8 ಜುಲೈ, ಮಂಗಳವಾರ

ಜುಬೇರಣ್ಣ ಕಳಸದಿಂದ ಆರಕ್ಕೇ ಹೊರಟ. ಜೀಪಿನಲ್ಲಿ ನಾನು, ದ್ಯಾವಮ್ಮಕ್ಕ, ಬಸಮ್ಮ, ಮೂರೇ ಜನ. ಅವನ ಜೀಪು ಮೂರು ಜನಕ್ಕೆ ಹೊರಟದ್ದು ಇದೇ ಮೊದಲಂತೆ. ದಾರಿಯುದ್ದಕ್ಕೂ ಅದನ್ನೇ ಹೇಳಿದ. ಒಂಬತ್ತು ಇಪ್ಪತ್ತಕ್ಕೆ ಮೂಡಿಗೆರೆ ಕೋರ್ಟಿನ ಮೆಟ್ಟಿಲಲ್ಲಿ ಇದ್ದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮಗಿಂತ ಮೊದಲೇ ಬಂದಿದ್ದರು.

ನ್ಯಾಯಾಧೀಶರು ದ್ಯಾವಮ್ಮಕ್ಕನನ್ನು ನೋಟಿಸ್ ಯಾಕೆ ಪಡೆಯಲಿಲ್ಲ ಎಂದು ಕೇಳಿದರು. ಓದಿದವರು ಹೇಳಿದ್ದರು ಎಂದರು. ಯಾರು ಎಂದು ಕೇಳಿದರು. ದ್ಯಾವಮ್ಮಕ್ಕ ಗೋಡೆಯ ಗಡಿಯಾರ ನೋಡುತ್ತ ನಿಂತರು. ನನ್ನ ಕಡೆ ತಿರುಗಲೂ ಇಲ್ಲ. ಎರಡನೇ ಸಲ ಕೇಳಿದಾಗ, ನೆನಪಿಲ್ಲ ಸ್ವಾಮಿ ಎಂದುಬಿಟ್ಟರು.

ಅಪ್ಪ ನನ್ನ ಮೊಣಕೈ ಹಿಡಿದರು. ನಾನು ಬಿಡಿಸಿಕೊಂಡು ಎದ್ದೆ. ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.

"ನಾನೇ ಹೇಳಿದ್ದು. ನನಗೂ ನೋಟಿಸ್ ಬಂತು, ನಾನೂ ಬೇಡ ಅಂದೆ. ನಮ್ಮ ಮನೆಯಲ್ಲಿ ಅಪ್ಪ ತಗೊಂಡ್ರು. ಅವರ ಮನೆಯಲ್ಲಿ ತಗೊಳ್ಳೋರು ಯಾರೂ ಇರಲಿಲ್ಲ."

ಇಷ್ಟೇ ಹೇಳಿದೆ. ಇನ್ನೇನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಆಮೇಲೆ ಪ್ರೇಮಕುಮಾರಿ ಮೇಡಂ ಅರ್ಜಿ ಕೊಟ್ಟರು. ಆರು ಸಾಲು, ರಿಜಿಸ್ಟರಿನ ನಕಲು, ಕಂಟ್ರೋಲರ್ ಸೀಲು. ನ್ಯಾಯಾಧೀಶರು ಅದನ್ನು ಎರಡು ಸಲ ಓದಿದರು.

ದ್ಯಾವಮ್ಮಕ್ಕನಿಗೆ ಜೈಲಿಲ್ಲ. ಹೊಸ ವಿಳಾಸ ಒಪ್ಪಿದರು. ಇನ್ನು ಮುಂದೆ ತಿಂಗಳಿಗೊಮ್ಮೆ, ಎರಡನೇ ಮಂಗಳವಾರ, ಮೇಡಂ ಕಳಸಕ್ಕೆ ಬಂದಾಗ ಅಲ್ಲೇ ಸಹಿ. ಆದರೆ ತಪ್ಪಿದ ಸಹಿಗಳಿಗಾಗಿ ಅವಧಿ ಆರು ತಿಂಗಳು ಹೆಚ್ಚಾಯಿತು.

ನಂತರ ನನ್ನ ಫೈಲು. ನಾನೂ ಸಹಿ ತಪ್ಪಿಸಿದವಳೇ. ಅವರಿಗೆ ಕೊಟ್ಟಷ್ಟನ್ನೇ ಕೇಳಿ ತೆಗೆದುಕೊಳ್ಳಬೇಕು ಎಂದು ನಿಂತಿದ್ದೆ. ಮೇಡಂ ವರದಿ ಓದಿದರು: ನಡತೆ ಉತ್ತಮ, ಬರವಣಿಗೆಯಲ್ಲಿ ಆಸಕ್ತಿ, ತಪ್ಪನ್ನು ತಾನಾಗಿ ಒಪ್ಪಿಕೊಳ್ಳುವ ಧೈರ್ಯ, ಮನೆಯವರ ಬೆಂಬಲ. ಇನ್ನು ಮೇಲ್ವಿಚಾರಣೆ ಅಗತ್ಯವಿಲ್ಲ. ನ್ಯಾಯಾಧೀಶರು ಒಪ್ಪಿದರು. ನನ್ನ ಪ್ರೊಬೇಷನ್ ಇವತ್ತಿಗೇ ಮುಗಿಯಿತು.

ಇದು ಸರಿಯಲ್ಲ ಎಂದೆ. ಮುಂದಿನ ಕೇಸು ಕರೆದಾಗಿತ್ತು.

ಹೊರಗೆ ಅಪ್ಪ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ದ್ಯಾವಮ್ಮಕ್ಕ ಎರಡು ತೆಗೆದುಕೊಂಡರು. "ಒಂದು ಕಾಳುಮೆಣಸಿಗೆ, ಒಂದು ನೋಟಿಸಿಗೆ" ಎಂದರು. ನನಗೆ ತಿನ್ನಲು ಮನಸ್ಸಾಗದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ಅದನ್ನು ಜುಬೇರಣ್ಣ ತಿಂದ.

12 ಆಗಸ್ಟ್, ಮಂಗಳವಾರ

ಬೆಳಿಗ್ಗೆ ಕಳಸ. ತಾಲ್ಲೂಕು ಕಚೇರಿಯ ಜಗಲಿಯಲ್ಲಿ ದ್ಯಾವಮ್ಮಕ್ಕ ಒಂಬತ್ತರಿಂದ ಕಾಯುತ್ತಿದ್ದರು. ಮೇಡಂ ಹತ್ತಕ್ಕೆ ಬರಬೇಕಿತ್ತು. ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ನಿಂತು, ಹತ್ತು ಐವತ್ತಕ್ಕೆ ನೆನೆದು ತೊಪ್ಪೆಯಾಗಿ ಬಂದರು. ತಡವಾಗುತ್ತದೆ ಎಂದು ಹೇಳಲು ಫೋನ್ ಮಾಡಲು ನೋಡಿದರಂತೆ. ದಾರಿಯಲ್ಲಿ ಸಿಗ್ನಲ್ ಇರಲಿಲ್ಲ.

"ಕೆಂಪು ಶಾಯಿ ತಂದಿದೀರಾ ಮೇಡಂ?" ಎಂದು ಕೇಳಿದರು ದ್ಯಾವಮ್ಮಕ್ಕ.

ಮೇಡಂ ಸೆರಗು ಹಿಂಡಿಕೊಳ್ಳುತ್ತ ನಕ್ಕರು. ಆಮೇಲೆ ನನ್ನನ್ನು ಕಂಡು, ನಿಮ್ಮ ಸಹಿ ಇಲ್ಲಿ ಬೇಕಿಲ್ಲವಲ್ಲ ಎಂದರು. ಗೊತ್ತು ಎಂದೆ. ದಿನಚರಿ ಬರೆಯುತ್ತಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ.

ರಿಜಿಸ್ಟರ್ ಬಿಚ್ಚಿದ ಕೂಡಲೇ ಎರಚಲು ಬಡಿಯಿತು.

"ಏ ಮಾರಾಯ್ತಿ, ಎಂತ ನೋಡ್ತಾ ನಿಂತಿದೀಯ? ಛತ್ರಿ ಹಿಡಿ, ಪುಸ್ತಕ ನೆನೀತದೆ" ಎಂದರು ದ್ಯಾವಮ್ಮಕ್ಕ.

ಹಿಡಿದೆ. ಅಲ್ಲಿ ಏನು ಬರೆದಿದೆ ಎಂದು ಮೊದಲು ಓದಿಸಿಕೊಂಡು ಕೇಳಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು. ಹೆಸರಿನ ಮುಂದೆ ನೀಲಿ ಶಾಯಿಯಲ್ಲಿ "ಹಾಜರು" ಎಂದು ಬಿತ್ತು. ಇನ್ನು ಹನ್ನೆರಡು ಸಹಿ ಬಾಕಿ.

ವಾಪಸ್ ಬಸ್ಸು 1:40ಕ್ಕೆ ಇದೆ. ಭಾನುವಾರ ಇರುವುದಿಲ್ಲ. ಮುಂದಿನ ಎರಡನೇ ಮಂಗಳವಾರ ಸೆಪ್ಟೆಂಬರ್ ಒಂಬತ್ತು. ದೊಡ್ಡ ಛತ್ರಿ ತರಬೇಕು.